ಇನ್ನೂರ ಹದಿಮೂರನೇ ಗಿಡ

ಎಲ್ಲಕ್ಕೂ ಮೂಲ ಬಸ್ಸಿನಲ್ಲಿ ಮರೆತ ಒಂದು ಚೀಲ. ಅದರಲ್ಲಿ ಬೆಟ್ಟದಿಂದ ತರಿಸಿದ ಇನ್ನೂರ ಹದಿಮೂರನೇ ಗಿಡವಿತ್ತು. ಮರೆತವನು ಪ್ರಯೋಗಾಲಯದ ತಾತ್ಕಾಲಿಕ ಸಹಾಯಕ. ಹಗಲೆಲ್ಲ ಸೊಪ್ಪು ಅರೆದು ಸೋಸುವ ಅವನನ್ನು ಸಹೋದ್ಯೋಗಿಗಳು ಕರೆಯುತ್ತಿದ್ದುದೇ ಕಷಾಯ ಎಂದು.

ಕ್ಯಾನ್ಸರಿನ ಜೀವಕೋಶಗಳನ್ನಷ್ಟೇ ಕೊಂದು, ಒಳ್ಳೆಯ ಕೋಶಗಳ ತಂಟೆಗೆ ಹೋಗದ ರಸವನ್ನು ಗಿಡಗಳಲ್ಲಿ ಹುಡುಕುವುದು ಅಲ್ಲಿನ ಕೆಲಸ. ಪುಟ್ಟ ಗುಳಿಗಳ ಎರಡು ತಟ್ಟೆ. ಎಡಗಡೆ ರೋಗದ ಕೋಶ, ಬಲಗಡೆ ಒಳ್ಳೆಯ ಕೋಶ. ರಸ ಹಾಕಿ, ಮೂರು ದಿನ ಬಿಟ್ಟು ಬಣ್ಣ ಬೆರೆಸಿದರೆ ಬದುಕಿದ್ದು ನೇರಳೆಯಾಗುತ್ತದೆ, ಸತ್ತದ್ದು ಹಳದಿಯಾಗಿ ಉಳಿಯುತ್ತದೆ. ಈವರೆಗಿನ ಇನ್ನೂರ ಹನ್ನೆರಡರಲ್ಲಿ ಕೆಲವು ಯಾರನ್ನೂ ಕೊಲ್ಲಲಿಲ್ಲ. ಉಳಿದವು ಕಳ್ಳನ ಜೊತೆ ಮನೆಯವರನ್ನೂ ಮುಗಿಸಿದವು. ಇದೊಂದು ಕೈಕೊಟ್ಟರೆ ಯೋಜನೆಯೂ ಬಂದ್, ಕಷಾಯನ ಕೆಲಸವೂ ಬಂದ್ ಎಂದು ನಿರ್ದೇಶಕಿ ಹೇಳಿಯಾಗಿತ್ತು.

ಅಂಥ ಚೀಲ ಕಳೆದೆನೆಂದು ಹೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಕೈಯಲ್ಲಿ ಅತ್ತೆ ಕೊಟ್ಟ ಕಟ್ಟೊಂದಿತ್ತು. ಅವನ ಮನೆಯಲ್ಲೇ ಇದ್ದ ಅತ್ತೆ ಪ್ರತಿ ಸೋಮವಾರ ಹಿತ್ತಲಲ್ಲಿ ಬೆಳೆದ ಒಂದೇ ಜಾತಿಯ ಗಿಡವನ್ನು ಬೇರುಸಹಿತ ಕಿತ್ತು, ಪರೀಕ್ಷೆ ಮಾಡಿ ನೋಡಿ ಎಂದು ಒಪ್ಪಿಸುತ್ತಿದ್ದರು. ಅವನು ಪ್ರತಿ ಸೋಮವಾರ ಅದನ್ನು ಪ್ರಯೋಗಾಲಯದ ಹಿಂದಿನ ಗೋಡೆಯಾಚೆ ಎಸೆದು ಕೈ ಕೊಡವುತ್ತಿದ್ದ. ಕಳೆದ ಸೋಮವಾರ ಮಾತ್ರ ಎಸೆಯದೆ ಅರೆದು, ಇನ್ನೂರ ಹದಿಮೂರು ಎಂಬ ಚೀಟಿ ಅಂಟಿಸಿಬಿಟ್ಟ.

ಈ ಗುರುವಾರ ಬೆಳಿಗ್ಗೆ ಬಣ್ಣ ಬೆರೆಸಿ ನೋಡಿದ. ಎಡಗಡೆಯೆಲ್ಲ ಹಳದಿ, ಬಲಗಡೆಯೆಲ್ಲ ನೇರಳೆ! ತಟ್ಟೆ ಅದಲುಬದಲಾಗಿರಬೇಕೆಂದು ಕನ್ನಡಕ ಒರೆಸಿ ಚೀಟಿ ಓದಿದ. ಸರಿಯಾಗಿಯೇ ಇತ್ತು. ಪಕ್ಕದ ಮೇಜಿನಾಕೆ ಬಗ್ಗಿ ನೋಡಿದವಳೇ ಸುದ್ದಿ ಹೊತ್ತು ಓಡಿದಳು. ಎರಡೇ ನಿಮಿಷದಲ್ಲಿ ಕಾವಲುಗಾರನವರೆಗೆ ಎಲ್ಲರೂ ಕಷಾಯನ ಬೆನ್ನು ತಟ್ಟುತ್ತಿದ್ದರು. ಇದೇ ರೋಗಕ್ಕೆ ತಂಗಿಯನ್ನು ಕಳೆದುಕೊಂಡಿದ್ದ ನಿರ್ದೇಶಕಿ ಕಣ್ಣೊರೆಸಿಕೊಂಡು, ಗಿಡ ತೋರಿಸಿ ಎಂದರು.

ಬೆಟ್ಟದ ಗಿಡದ ಹೆಸರು ಹೇಳಿ ಪಾರಾಗಬಹುದಿತ್ತು. ಆದರೆ ಹಾಗೆ ಹೇಳಿದರೆ ಕೈಗೆ ಸಿಕ್ಕ ಮದ್ದು ಮತ್ತೆ ಕಳೆದುಹೋಗುತ್ತದೆ. ಕಷಾಯ ನಿಜ ಹೇಳಿದ.

ಅತ್ತೆಗೆ ಫೋನ್ ಹೋಯಿತು. ಪಕ್ಕದ ಮೇಜಿನಾಕೆ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದಳು.

"ಈಗ ಗಿಡ ಎಲ್ಲಿಂದ ತರ್ಲಿ ಅಳಿಯಂದಿರೇ? ಸ್ಕೂಟರ್ ನಿಲ್ಸೋಕೆ ಅಂತ ಮೊನ್ನೆ ಮಂಗಳವಾರ ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸಿದ್ದು ನೀವೇ ಅಲ್ವಾ?"

ಬೆನ್ನ ಮೇಲಿದ್ದ ಕೈಗಳೆಲ್ಲ ಒಂದೊಂದಾಗಿ ಇಳಿದವು. ನಿರ್ದೇಶಕಿ ಅವನನ್ನು ನೋಡಿದ ನೋಟಕ್ಕೆ ಹಸಿ ಸೌದೆಯೂ ಹೊತ್ತಿಕೊಳ್ಳುವಂತಿತ್ತು. ಅಷ್ಟರಲ್ಲಿ ಅತ್ತೆ, ಇರಿ, ನಾನೇ ಬರ್ತೀನಿ ಎಂದು ಫೋನಿಟ್ಟರು.

ಅರ್ಧ ಗಂಟೆಗೆ ಬಂದವರು ಅಳಿಯನ ಕಡೆ ತಿರುಗಿಯೂ ನೋಡದೆ, ಹಿಂದಿನ ಬಾಗಿಲು ತೆಗೆಯುವಂತೆ ಕಾವಲುಗಾರನಿಗೆ ಹೇಳಿದರು.

"ಒಂದಿನ ಇವರು ಮರೆತ ಊಟದ ಡಬ್ಬಿ ಕೊಡೋಕೆ ಬಂದಿದ್ದೆ. ಎಲ್ಲಿ ಎಸೀತಾರೆ ಅಂತ ಆವಾಗ್ಲೇ ನೋಡ್ದೆ. ಹೇಳೋದ್ಯಾಕೆ ಅಂತ ಸುಮ್ನಿದ್ದೆ. ಬೇರಿರೋ ಗಿಡ, ಎಲ್ಲಿ ಬಿದ್ರೂ ಬದುಕ್ಕೊಳ್ಳತ್ತೆ."

ಗೋಡೆಯಾಚೆ ಒಂದು ವರ್ಷದ ಸೋಮವಾರಗಳೆಲ್ಲ ಎದೆಯೆತ್ತರ ಬೆಳೆದು ನಿಂತಿದ್ದವು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಗೋಡೆಯಾಚೆಗೆ ಹೋದ ಮೇಲೆ ಅದಕ್ಕೂ ಬೆಲೆ ಬಂತು. ಚಪ್ಪಾಳೆಯ ಸದ್ದಿಗೆ ಪಕ್ಕದ ಕಟ್ಟಡದ ಕಿಟಕಿಗಳೂ ತೆರೆದುಕೊಂಡವು. ನಿರ್ದೇಶಕಿ ಅತ್ತೆಯ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು.

ಅದು ಮದ್ದಾಗಲು ಇನ್ನೂ ನೂರು ಪರೀಕ್ಷೆ ಗೆಲ್ಲಬೇಕಿತ್ತು. ಆದರೂ ಸಂಜೆಯೊಳಗೆ ಯೋಜನೆ ಐದು ವರ್ಷಕ್ಕೆ ಮುಂದುವರಿಯಿತು. ಇನ್ನೇನು ತನ್ನ ಕೆಲಸವೂ ಕಾಯಂ ಎಂದು ಕಷಾಯ ಅಂಗಿ ಸರಿಮಾಡಿಕೊಂಡು ನಿಂತ. ನಿರ್ದೇಶಕಿ ಆದೇಶ ಓದಿದರು: ಅತ್ತೆ ಇಂದಿನಿಂದ ಕಾಯಂ ಸಲಹೆಗಾರ್ತಿ, ಕಷಾಯ ಅವರ ತಾತ್ಕಾಲಿಕ ಸಹಾಯಕ.

ಅತ್ತೆ ಅವನ ಮೇಜಿನ ಪಕ್ಕಕ್ಕೆ ಕುರ್ಚಿ ಎಳೆದು ಕೂತರು. ಚೀಲದಿಂದ ಬೇರೆ ಯಾವುದೋ ಸೊಪ್ಪಿನ ಕಟ್ಟು ತೆಗೆದು ಮುಂದಿಟ್ಟರು.

"ಸೋಮವಾರಕ್ಕೊಂದು ಸಾಲಲ್ಲ ಅಳಿಯಂದಿರೇ. ಇನ್ಮೇಲೆ ದಿನಕ್ಕೊಂದು."