ಕಾಕಾನ ಮೊಳೆ, ಮೊಳೆಗೊಂದು ವೈರು

ನಮ್ಮ ಕಾಕಾ ಇಂದಿನವರೆಗೆ ಒಂದೇ ಒಂದು ವೈರನ್ನೂ ಎಸೆದವನಲ್ಲ. ಎಸೆಯುವುದಿರಲಿ, ಎಸೆಯಬಹುದಾದ ವೈರೊಂದು ಈ ಭೂಮಿಯ ಮೇಲೆ ಇದ್ದೀತು ಎಂದು ನಂಬಿದವನೂ ಅಲ್ಲ!

ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಪಾಲಿಶ್ ಮಾಡುವ ಓಣಿಯಲ್ಲಿ ಅವನ ಕಂಪ್ಯೂಟರ್ ರಿಪೇರಿ ಅಂಗಡಿ; ಅಂಗಡಿಯ ಹಿಂದೆಯೇ ಮನೆ. ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಕಂಪ್ಯೂಟರಲ್ಲ, ಮೊಳೆ. ಮೂರು ಗೋಡೆಗೂ ಮೊಳೆ, ಮೊಳೆಗೊಂದು ವೈರು, ವೈರಿನ ಮೇಲೆ ಬಿಳಿ ಕಲ್ಲಿನ ಪುಡಿ. ಹೊಸ ಗಿರಾಕಿಗಳು ಹಾವಾಡಿಗನ ಮನೆಗೆ ಬಂದೆವೇನೋ ಎಂದು ಹೊಸ್ತಿಲಲ್ಲೇ ನಿಲ್ಲುತ್ತಾರೆ.

"ಈ ವೈರ್ ಹಚ್ಚೂ ಮಷೀನೇ ಸತ್ತು ಎಷ್ಟು ವರ್ಷ ಆತು. ಇನ್ನ ಯಾಕ ತೂಗ ಹಾಕೀರಿ?" ಎಂದು ಅವನ ಹೆಂಡತಿ, ನಮ್ಮ ಕಾಕು, ಪ್ರತಿ ಹಬ್ಬಕ್ಕೂ ಪೊರಕೆ ಹಿಡಿದು ಕೇಳುತ್ತಾಳೆ.

"ಇರ್ಲಿ ಬಿಡು. ಎಂದರ ಒಂದಿನ ಬೇಕಾಗ್ತದ."

ಈ ಮಾತನ್ನು ನೀವು ಕಾಕಾನ ದನಿಯಲ್ಲಿ ಕೇಳಬೇಕಿತ್ತು. ಹೊಟ್ಟೆಯಲ್ಲಿ ಹುಟ್ಟಿ, ಎದೆಯಲ್ಲಿ ಒಂದು ಗಳಿಗೆ ಕುಳಿತು ದಣಿವಾರಿಸಿಕೊಂಡು, ಅರ್ಧ ಬಾಯಿಂದ, ಅರ್ಧ ಮೂಗಿನಿಂದ ಹೊರಬೀಳುತ್ತಿದ್ದ ದನಿ ಅದು. ನನಗೋ ಕಂಡವರ ದನಿ ಮಾಡುವ ಚಟ. ಒಮ್ಮೆ ಅಂಗಡಿಯಲ್ಲಿ ಕುಳಿತು ಕಾಕಾನ ದನಿಯಲ್ಲಿ "ಚಹಾ ತಾ" ಎಂದೆ. ಕಾಕು ಶುಂಠಿ ಹಾಕಿ ಚಹಾ ತಂದಳು. ಆರು ತಿಂಗಳು ನಡೆಯಿತು ಈ ಸುಖ! ಚಟಕ್ಕೆ ದಂಡವನ್ನೂ ತೆತ್ತಿದ್ದೇನೆ. ಹೆಣ್ಣು ನೋಡಲು ಹೋದಲ್ಲಿ ಗಾಬರಿಯಾಗಿ, ಮಾವನಾಗಬೇಕಿದ್ದವರಿಗೆ ಅವರದೇ ದನಿಯಲ್ಲಿ ಉತ್ತರ ಕೊಟ್ಟುಬಿಟ್ಟೆ. ಉಪ್ಪಿಟ್ಟು ಮುಗಿಯುವ ಮೊದಲೇ ಸಂಬಂಧ ಮುಗಿಯಿತು.

ಡಿಗ್ರಿ ಮುಗಿಸಿ ಮನೆಯಲ್ಲಿ ಅಡ್ಡಾಡುತ್ತಿದ್ದ ನನ್ನನ್ನು ಕಾಕಾ ಅಂಗಡಿಗೆ ಎಳೆದುಕೊಂಡ. ಮೊದಲ ದಿನವೇ ಗೋಡೆಯ ಪಾಠ.

"ಈ ಸಣ್ಣ ಬಾಯಿಂದು ಸೀರಿಯಲ್. ಬಾಯಾಗ ಒಂಬತ್ತು ಸೂಜಿ. ಇದರಾಗ ಸುದ್ದಿ ವಾಡಿ ಟೇಷನ್ನಿಗಿ ಗೂಡ್ಸ್ ಗಾಡಿ ಬಂದಂಗ ಬರ್ತದ, ಒಂದರ ಹಿಂದ ಒಂದು ಡಬ್ಬಿ."

"ಈ ಅಗಲಾಂದು?"

"ಪ್ಯಾರಲಲ್. ಹಳೇ ಪ್ರಿಂಟರಿಂದು. ಎಂಟು ಡಬ್ಬಿ ಎಂಟು ಹಳಿ ಮ್ಯಾಲ ಜೋಡೀಲೆ ಓಡತಾವ."

"ಹಂಗಾದ್ರ ಇದೇ ಛಲೋ ಅಲ್ಲೇನು ಕಾಕಾ? ಲಗೂ ಮುಟ್ಟತದ."

"ಭಾಳ ಶಾಣ್ಯಾ ಇದ್ದಿ! ಎಂಟು ಮಂದಿಗಿ ಕೈ ಕೈ ಹಿಡಕೊಂಡು ಇಲ್ಲಿಂದ ವಾಡಿ ತನಕ ನಡೀರಿ ಅಂದ್ರ ಎಲ್ಲಾರೂ ಒಮ್ಮಿಗೇ ಮುಟ್ಟತಾರೇನು? ಒಬ್ಬ ಬೀಡಿ ಹಚ್ಚಲಿಕ್ಕ ನಿಲ್ತಾನ, ಒಬ್ಬಂದು ಚಪ್ಪಲಿ ಹರೀತದ. ಅದಕ್ಕೇ ಈ ವೈರ್ ಗಿಡ್ಡ ಇರಬೇಕು."

ಮೂರನೆಯದು ನೀಲಿ ಬಾಯಿಯದು, ಪರದೆಗೆ ಚಿತ್ರ ಒಯ್ಯುವಂಥದು. ಮೂರು ಸಾಲಿನಲ್ಲಿ ಹದಿನೈದು ಸೂಜಿ. ಇದರ ಕಿತಾಪತಿ ಏನೆಂದರೆ, ಇದರ ಬಾಯಿಯೂ ಒಂಬತ್ತು ಸೂಜಿಯದರ ಬಾಯಿಯೂ ಅಳತೆಯಲ್ಲಿ ಒಂದೇ. ಎಣಿಸದೆ ಒತ್ತಿದವನು ಕೆಟ್ಟ! ಅದಕ್ಕೇ ಕಾಕಾ ಪ್ರತಿ ವೈರನ್ನೂ ಎಣಿಸಿಯೇ ಕೂಡಿಸುತ್ತಾನೆ. ಎಣಿಸುವುದಾದರೂ ಹೇಗೆ? ನಮ್ಮ ಕಡೆ ತೊಗರಿ ಅಳೆಯುವಾಗ ಮೊದಲ ಸೇರಿಗೆ "ಒಂದು" ಎನ್ನದೆ "ಲಾಭ" ಎನ್ನುತ್ತಾರಲ್ಲ, ಹಾಗೆ. "ಲಾಭ, ಎರಡು, ಮೂರು..." ಅಂಗಡಿಯಲ್ಲಿ ಲಾಭವಿದ್ದದ್ದು ಸೂಜಿಯ ತುದಿಯಲ್ಲಿ ಮಾತ್ರ ಎಂಬುದು ಕಾಕುವಿನ ಟೀಕೆ.

ಒಮ್ಮೆ ಚಿತ್ತಾಪುರದಿಂದ ನಿವೃತ್ತ ಮಾಸ್ತರರೊಬ್ಬರು ಸೊಟ್ಟ ಸೂಜಿಗಳ ನೀಲಿ ವೈರು ಹಿಡಿದು ಬಂದರು.

"ಕೂಡ್ಲಿಕ್ಕೇ ಒಲ್ದುರಿ. ನಾ ಜರಾ ಒತ್ತಿದೆ."

"ಜರಾ? ಹದಿನೈದು ಮಂದಿನ ಒಂಬತ್ತು ಕುರ್ಚಿ ಮ್ಯಾಲ ಕುಂದ್ರಿಸೀರಲ್ರಿ ಮಾಸ್ತರ್ರ! ನಿಮ್ಮ ಸಾಲ್ಯಾಗ ಹಿಂಗೇ ಮಾಡತಿದ್ರೇನು?"

"ನಮ್ಮ ಸಾಲ್ಯಾಗ ಒಂಬತ್ತು ಕುರ್ಚಿನೂ ಇರ್ಲಿಲ್ರಿ," ಎಂದರು ಮಾಸ್ತರರು.

ಮಾತಿನಲ್ಲಿ ಕಾಕಾ ಸೋತದ್ದನ್ನು ನಾನು ಕಂಡದ್ದು ಅಂದೊಂದೇ ದಿನ. ಖಾಲಿ ರೀಫಿಲ್ಲಿನ ತುದಿಯಿಂದ ಒಂದೊಂದೇ ಸೂಜಿ ನೆಟ್ಟಗೆ ಮಾಡಿಕೊಟ್ಟ.

ಹೋದ ಚಳಿಗಾಲದಲ್ಲಿ ಕಾಕಾನ ದನಿ ಒಡೆಯಿತು. ಕಲ್ಲಿನ ಪುಡಿ ಎಂದುಕೊಂಡೆವು; ನೋಡಿದರೆ ಗಂಟಲಲ್ಲಿ ಗಂಟು. ಕಲಬುರಗಿಯಲ್ಲಿ ಆಪರೇಶನ್ ಆಯಿತು. ಅಂಜುವಂಥ ಗಂಟಲ್ಲ ಎಂದರು ಡಾಕ್ಟರು. ಆದರೆ ಮೂರು ವಾರ ಒಂದಕ್ಷರ ಆಡುವಂತಿಲ್ಲ. ಆಮೇಲೆ ದನಿ ಎಷ್ಟು ಬಂದರೆ ಅಷ್ಟು. ಕಾಕಾ ಒಡೆದ ಪರ್ಸಿಯ ತುಂಡೊಂದನ್ನು ತೊಡೆಯ ಮೇಲಿಟ್ಟುಕೊಂಡು ಸೀಮೆಸುಣ್ಣ ಹಿಡಿದ. ಮೊದಲು ಬರೆದದ್ದು: "ಅಂಗಡಿ ತೆಗಿ."

ನಾಲ್ಕನೆಯ ದಿನ ಸೇಡಂನಿಂದ ಫೋನು. ಬೇಳೆ ಮಿಲ್ಲಿನ ಸಾವ್ಕಾರರು.

"ಗಾಡಿ ಸಾಲ್ಗಟ್ಟಿ ನಿಂತಾವ! ಗಾಡಿ ತೂಗೂ ಕಾಟಾದಾಗ ತೂಕ ಕಾಣತದ, ಕಂಪ್ಯೂಟರಿನ್ಯಾಗ ಬರೀ ಸೊನ್ನಿ. ಕಾಕಾರಿಗಿ ಕೊಡು."

"ನನಗ ಹೇಳ್ರಿ, ನಾ ನೋಡತೀನಿ."

"ನಿನ್ನ ಮಾತು ಯಾವ ನಂಬ್ತಾನೋ? ಹೋದ ಸಲ ನನ್ನ ದನೀಲೆ ನಮ್ಮ ಮುನೀಮಗ ಸೂಟಿ ಕೊಟ್ಟವ ನೀನೇ ಅಲ್ಲೇನು?"

ನಿಜ, ಕೊಟ್ಟಿದ್ದೆ. ಏನು ಮಾಡಲಿ ಎಂದು ಕಾಕಾನ ಮುಖ ನೋಡಿದೆ. ಅವನು ಬೆರಳಿನಿಂದ ತನ್ನ ಗಂಟಲು ತೋರಿಸಿದ. ಆಮೇಲೆ ನನ್ನ ಗಂಟಲು.

ನಾನು ಕೆಮ್ಮಿ ಕಾಕಾ ಆದೆ. ಅವನು ಕಲ್ಲಿನ ಮೇಲೆ ಬರೆದದ್ದನ್ನು ಅವನ ದನಿಯಲ್ಲೇ ಓದಿದೆ. "ವೈರ್ ಬದಲ ಮಾಡೀರೇನ್ರಿ?"

"ಹೌದ್ರಿ ಕಾಕಾರ. ಇಲಿ ಕಡಿದಿತ್ತು, ನಿನ್ನಿ ಬಜಾರದಿಂದ ಹೊಸಾದು ತಂದೀವಿ."

ಕಾಕಾ ಕತ್ತರಿಯ ಹಾಗೆ ಎರಡು ಗೆರೆ ಎಳೆದ; ಉಳಿದದ್ದನ್ನು ನಾನೇ ತುಂಬಿದೆ. "ನೀವು ತಂದದ್ದು ಸೀದಾ ವೈರ್ ಕಾಣತದ್ರಿ. ಕಾಟಾದ ಬಾಯಿ ಕಂಪ್ಯೂಟರಿನ ಬಾಯಿಗೇ ಹೋಗಿ ಕುಂತದ. ಇಬ್ಬರೂ ಮಾತಾಡ್ಲಿಕತ್ತಾರ, ಕೇಳವ್ರು ಯಾರೂ ಇಲ್ಲ. ಇವನ ಬಾಯಿ ಅವನ ಕಿವಿಗಿ ಹೋಗಬೇಕು. ಎರಡನೇ ಸೂಜಿ ಮೂರಕ್ಕ, ಮೂರು ಎರಡಕ್ಕ."

"ಮತ್ತ ಮೊದಲನೇದು?"

"ಒಂದು ಖಾಲಿ ಇರ್ಲಿ," ಎಂದುಬಿಟ್ಟೆ.

ಸಾವ್ಕಾರರ ದನಿ ಏರಿತು. "ಯಾರು ಮಾತಾಡ್ಲಿಕತ್ತೀರಿ? ಕಾಕಾರು ಒಂದು ಅನ್ನಂಗಿಲ್ಲ!"

ಕಾಕಾ ಹಣೆ ಬಡಿದುಕೊಂಡು ಇಡೀ ಕಲ್ಲು ತುಂಬ ಬರೆದ: "ಲಾಭ."

"ಲಾಭ ನಿಮ್ಮ ಕಡೀಗಿ ಇರ್ಲಿ ಅಂತ ಬಿಟ್ಟೆ ರೀ ಸಾವ್ಕಾರ್ರ," ಎಂದೆ. ಆ ಕಡೆಯಿಂದ ದೊಡ್ಡ ನಗು ಬಂತು. ಬದುಕಿದೆ!

ಅಡ್ಡ ಕೂಡಿಸಿದ ಅಂಥ ವೈರು ಒಳಗೋಡೆಯ ಮೊಳೆಯ ಮೇಲೆ, ಕಾಕುವಿನ ಪೊರಕೆಯಿಂದ ಎಷ್ಟೋ ಹಬ್ಬ ಪಾರಾಗಿ, ಕಾಯುತ್ತಿತ್ತು. ಅದನ್ನು ಹಿಡಿದು ನಾನೇ ಸೇಡಂಗೆ ಹೋದೆ. ಎಣಿಸಿ ಕೂಡಿಸಿದೆ. ಪರದೆಯ ಮೇಲೆ ತೂಕ ಮೂಡಿತು, ಗಾಡಿಗಳು ಕದಲಿದವು. ಸಾವ್ಕಾರರು, "ಕಾಕಾರ ದನಿ ಈಗ ಭಾಳ ಗಟ್ಟಿ ಆಗ್ಯಾದ ನೋಡು," ಎಂದರು. ನಾನು ತಲೆಯಾಡಿಸಿ ಬಂದೆ.

ಮೂರು ವಾರ ಮುಗಿದವು. ನಾವೆಲ್ಲ ಸುತ್ತ ಕುಳಿತಿದ್ದೆವು. ಕಾಕಾ ಬಾಯಿ ತೆರೆದು "ಚಹಾ ತಾ" ಎಂದ. ರಿಬ್ಬನ್ ಒಣಗಿದ ಪ್ರಿಂಟರಿನ ಹಾಗೆ ಒಂದಕ್ಷರ ಮೂಡಿತು, ಇನ್ನೊಂದು ಮೂಡಲಿಲ್ಲ. ಇನ್ನೂ ಒಂದು ತಿಂಗಳು ಕಾದೆವು. ಇನ್ನು ಇಷ್ಟೇ ಎಂದರು ಡಾಕ್ಟರು. ಹೊಸ ದನಿಯೊಂದು ಕಿವಿಗೆ ಬಿದ್ದೂ ನಾನು ಅದನ್ನು ಮಾಡಿ ನೋಡದೆ ಇದ್ದದ್ದು ಅದೇ ಮೊದಲು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಓಣಿಯ ಪಾಲಿಶ್ ಯಂತ್ರಗಳೆಲ್ಲ ನಿಂತಿದ್ದವು. ಕಾಕಾ ಪಿಸುಗುಟ್ಟಿದ: "ನನ್ನ ದನಿ ಒಮ್ಮಿ ಮಾಡೋ."

ಯಾರೂ ಕೇಳದೆಯೇ ಸಾವಿರ ಸಲ ಮಾಡಿದವನು, ಈಗ ಅವನನ್ನೇ ಕೇಳಿದೆ: "ಏನ್ ಅನ್ಲಿ?"

ಅವನು ಮೊಳೆಯಿಂದ ಒಂದು ವೈರು ತೆಗೆದು ಕೈಗಿಟ್ಟ. "ಎಣಸು."

"ಲಾಭ... ಎರಡು... ಮೂರು..." ಹೊಟ್ಟೆಯಿಂದ ತಂದೆ, ಎದೆಯಲ್ಲಿ ಒಂದು ಗಳಿಗೆ ಕೂರಿಸಿದೆ, ಅರ್ಧ ಬಾಯಿಂದ, ಅರ್ಧ ಮೂಗಿನಿಂದ ಬಿಟ್ಟೆ. ಒಂಬತ್ತು ಮುಗಿಯುವಷ್ಟರಲ್ಲಿ ಮನೆಯ ಬಾಗಿಲಿಗೆ ಕಾಕು ಓಡಿ ಬಂದಿದ್ದಳು, ಕೈತುಂಬ ಜೋಳದ ಹಿಟ್ಟು. ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬೈಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಳಿತಳು.

ಕಾಕಾ ವೈರು ಇಸಿದುಕೊಂಡ. ಪುಡಿ ಝಾಡಿಸಿ, ಸುತ್ತಿ, ಮೊಳೆಗೆ ತೂಗು ಹಾಕಿದ. ಆಮೇಲೆ ನನ್ನ ಗಂಟಲಿನ ಮೇಲೆ ಎರಡು ಬೆರಳಿಟ್ಟು, ಮೂಡಿದ ಅಕ್ಷರ ಅರ್ಧ, ಮೂಡದ್ದು ಅರ್ಧ, ಹೇಳಿದ:

"ಇಟ್ಕೋ. ಎಂದರ ಒಂದಿನ ಬೇಕಾಗ್ತದ."