ತೊಲೆ ಕೊಳೆತ ಮನೆ

ಐವಿಂಡ್ ಕುರ್ಚಿಯಲ್ಲಿ ಕೂತಿದ್ದನೇ ಹೊರತು, ಜೀವವೆಲ್ಲ ಮೇಜಿನ ಕೆಳಗೆ ಬಚ್ಚಿಟ್ಟ ಫೋನಿನಲ್ಲಿತ್ತು. ಟ್ರೋನ್‌ಹೈಮ್ ಪಟ್ಟಣದ ಬ್ಯಾಂಕೊಂದರಲ್ಲಿ ಮನೆ ಸಾಲ ಕೇಳಿ ಬಂದವರ, ಅವರು ಕೊಳ್ಳುವ ಮನೆಯ ಯೋಗ್ಯತೆ ಅಳೆಯುವುದು ಅವನ ಕೆಲಸ. ಇವತ್ತು ಅವನಿಗೇ ಮನೆ ಬೇಕಾಗಿತ್ತು. ಇಲಾ ಬಡಾವಣೆಯ ಹಳದಿ ಮರದ ಮನೆ ಹರಾಜಿಗಿತ್ತು, ಕೂಗುವುದೆಲ್ಲ ಫೋನಿನಲ್ಲೇ. ಕೂಗಿ ಗೆದ್ದ ಮೇಲೆ ಬೇಡವೆನ್ನುವಂತಿಲ್ಲ, ಕಾನೂನು ಬಿಡುವುದಿಲ್ಲ.

"ಈ ಸಲಾನೂ ಕೈ ಬೀಸ್ಕೊಂಡು ಬಂದ್ರೆ ನೀನು ಬಚ್ಚಲಲ್ಲೇ ಮಲ್ಕೋ," ಎಂದು ಹೆಂಡತಿ ತೂರಿಲ್ ಬೆಳಿಗ್ಗೆಯೇ ಹೇಳಿದ್ದಳು. ಒಂದೇ ಕೋಣೆಯ ಬಾಡಿಗೆ ಮನೆ. ಕೂಸಿನ ತೊಟ್ಟಿಲು ಆಗಲೇ ಬಚ್ಚಲು ಸೇರಿತ್ತು. ತೂರಿಲ್ ತಮಾಷೆ ಮಾಡುವವಳಲ್ಲ.

ಐವಿಂಡನಿಗೆ ಸಾಲ ಮಂಜೂರಾಗಿದ್ದು ಐವತ್ತು ಲಕ್ಷ ಕ್ರೋನರ್. ಅಷ್ಟನ್ನೂ ಕೂಗಿದ. ಯಾರೋ ಐವತ್ತೊಂದು ಎಂದರು. ಕಾಲು ಕುಣಿಸುತ್ತ, ಉಗುರು ಕಚ್ಚುತ್ತ, ಐವತ್ತೆರಡು ಒತ್ತಿಯೇಬಿಟ್ಟ. ಪಕ್ಕದ ಮೇಜಿನ ಗುನ್ವೊರ್ ಕೈಯಲ್ಲಿ ಸಾಲ ಹೆಚ್ಚಿಸಿಕೊಂಡರಾಯಿತು, ಅದೇನು ಮಹಾ.

ಅಷ್ಟರಲ್ಲಿ ಸೋಲ್ಫ್ರಿಡ್ ಎಂಬ ಮುದುಕಿ ಏದುಸಿರು ಬಿಡುತ್ತ ಬಂದು ಎದುರಿಗೆ ಕೂತಳು.

"ಬೇಗ ಮಾಡಪ್ಪಾ, ನನ್ನ ಸಾಲ ಇನ್ನೆರಡು ಲಕ್ಷ ಏರಿಸು. ಇಲಾದ ಹಳದಿ ಮನೆ ಕೈ ತಪ್ಪೋ ಹಾಗಿದೆ. ಯಾವನೋ ಮುಟ್ಠಾಳ ಬಿಡ್ತಾನೇ ಇಲ್ಲ!"

ಮುಟ್ಠಾಳ ಫೋನನ್ನು ಮೇಜಿನಡಿ ಇನ್ನಷ್ಟು ಒಳಕ್ಕೆ ತಳ್ಳಿದ. ಮುದುಕಿಗೆ ಒಳ್ಳೆಯ ಪಿಂಚಣಿ, ಬೇರೆ ಸಾಲವಿಲ್ಲ. ಇಲ್ಲವೆನ್ನಲು ಕಾರಣವೇ ಇರಲಿಲ್ಲ. ಹಾಗಾಗಿ ಒಂದನ್ನು ಹುಟ್ಟಿಸಿದ.

"ಆ ಮನೇನಾ? ಅಯ್ಯೋ, ತೊಲೆಯೆಲ್ಲ ಕೊಳೆತು ಹೋಗಿದೆ! ನಾನೇ ಕಣ್ಣಾರೆ ನೋಡಿದೀನಿ."

ಆ ಬ್ಯಾಂಕಿನಲ್ಲಿ ಯಾವ ತೀರ್ಮಾನಕ್ಕೂ ಇಬ್ಬರ ಸಹಿ ಬೇಕು. ಗುನ್ವೊರ್ ಕಂದು ಚೀಸಿನ ಬ್ರೆಡ್ಡು ಕೆಳಗಿಟ್ಟು ಬಂದಳು. ಮೂಗು ತೂರಿಸದೆ ಸಹಿ ಹಾಕುವ ಅಭ್ಯಾಸ ಅವಳಿಗಿರಲಿಲ್ಲ.

"ನಿಜವಾಗ್ಲೂ ಕೊಳೆತಿದ್ಯಾ?"

"ಬೆರಳಿಟ್ರೆ ಬೆರಳು ಒಳಗೆ ಹೋಗುತ್ತೆ ಕಣೇ! ಆ ಮನೆ ನಂಬಿ ಯಾರಿಗೇ ಸಾಲ ಕೊಟ್ರೂ ಬ್ಯಾಂಕು ಮುಳುಗಿದ ಹಾಗೇ."

ಗುನ್ವೊರ್ ಸಾಲ ಏರಿಸಲಾಗದೆಂದು ಬರೆದು ಸಹಿ ಹಾಕಿದಳು. ಸೋಲ್ಫ್ರಿಡ್ ಐವಿಂಡನ ಕೈ ಹಿಡಿದುಕೊಂಡಳು. "ನನ್ನ ಉಳಿಸಿದ್ಯಪ್ಪಾ. ಆ ಮುಟ್ಠಾಳನೇ ಅನುಭವಿಸ್ಲಿ!"

ಅವಳು ಬಾಗಿಲು ದಾಟುವಷ್ಟರಲ್ಲಿ ಫೋನು ಗುಂಯ್ ಎಂದಿತು. ಮನೆ ಐವಿಂಡನದಾಗಿತ್ತು! ಅವನು ಕುಣಿದುಕೊಂಡೇ ಗುನ್ವೊರ್ ಮೇಜಿಗೆ ಹೋದ.

"ಗುನ್ವೊರ್, ನನ್ನ ಸಾಲ ಒಂದೆರಡು ಲಕ್ಷ ಹೆಚ್ಚಿಸಿಕೊಡೇ. ಮನೆ ಸಿಕ್ತು!"

"ಅದಕ್ಕೇನಂತೆ, ಖುಷಿಯಾಯ್ತು. ಯಾವ ಮನೆ?"

ಐವಿಂಡನಿಗೆ ಆಗ ಹೊಳೆಯಿತು. ಸುಳ್ಳು ಹೇಳಿದ್ದೆನೆಂದರೆ ಕೆಲಸ ಹೋಗುತ್ತದೆ. ಕೊನೆಗೆ ಬಣ್ಣವನ್ನಷ್ಟೇ ಹೇಳಿದ.

"ಹಳದಿ."

ಗುನ್ವೊರ್ ಕಣ್ಣರಳಿಸಿದಳು. "ಅದೇನಾ? ಬೆರಳು ಒಳಗೆ ಹೋಗುತ್ತೆ ಅಂದ್ಯಲ್ಲೋ! ಮನೆ ಅಳೆಯೋದ್ರಲ್ಲಿ ನಿನ್ನಂಥವನು ಈ ಬ್ಯಾಂಕಲ್ಲೇ ಇಲ್ಲ. ನಿನ್ನ ಮಾತು ಮೀರಿ ನಾನು ಸಹಿ ಹಾಕ್ಲಾ? ಎರಡು ಲಕ್ಷ ಹಾಗಿರ್ಲಿ, ಆ ಮನೆಗೆ ಮೊದಲು ಮಂಜೂರಾದ ಐವತ್ತು ಲಕ್ಷವೂ ಇಲ್ಲ."

ಫೋನು ಮತ್ತೆ ಗುಂಯ್ ಎಂದಿತು. ತೂರಿಲ್ ಕೇಳಿದ್ದಳು: "ಮನೆ ಸಿಕ್ತಾ?"

"ಸಿಕ್ತು," ಎಂದು ಐವಿಂಡ್ ಬರೆದ. ಕೆಳಗೆ ಇನ್ನೊಂದು ಸಾಲು ಸೇರಿಸಿದ: "ಬಚ್ಚಲಲ್ಲಿ ತೊಟ್ಟಿಲು ಕೊಂಚ ಪಕ್ಕಕ್ಕೆ ಸರಿಸಿಡು."