ತಳದ ನೀರಿನ ರುಚಿ

ಬೆಳಿಗ್ಗೆ ಎದ್ದು ನೆಲದ ಹಲಗೆ ಎತ್ತಿ ನೋಡಿದರೆ ದೋಣಿಯ ತಳದಲ್ಲಿ ನೀರು ನಿಂತಿತ್ತು. ಬೇರೆಯವರಾಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ನಮ್ಮ ಹೆಡ್‌ಕ್ಲಾರ್ಕರಿಗೆ ಮಾತ್ರ ವರ್ಗಾವಣೆಯ ಆರ್ಡರು ರದ್ದಾದಷ್ಟು ಸಂತೋಷವಾಯಿತು.

ರಿಟೈರಾದ ದಿನ ಆಫೀಸಿನವರ ಚಪ್ಪಾಳೆಯ ಅಮಲಿನಲ್ಲಿ ಅವರು, ಹೆಂಡತಿಯೊಡನೆ ಕರಾವಳಿಯುದ್ದಕ್ಕೂ ದೋಣಿಯಲ್ಲೇ ಹೋಗುತ್ತೇನೆಂದು ಕೊಚ್ಚಿಕೊಂಡುಬಿಟ್ಟಿದ್ದರು. ಅರ್ಧ ದಾರಿಗೆ ಬರುವಷ್ಟರಲ್ಲಿ ಅಮಲು ಇಳಿದಿತ್ತು. ದೋಣಿಯೊಳಗೆ ಕಾಲು ಚಾಚಿದರೆ ಒಲೆ, ಕೈ ಚಾಚಿದರೆ ಕಕ್ಕಸು. ಇವತ್ತು ಪಂಪು ಕೆಟ್ಟರೆ ನಾಳೆ ಹಾಯಿ ಹರಿಯುತ್ತಿತ್ತು. ಅಲುಗಾಡದ ಮಂಚದ ಮೇಲೆ ಒಂದು ರಾತ್ರಿ ಮಲಗಿದರೆ ಸಾಕಪ್ಪಾ ಅನ್ನಿಸಿತ್ತು. ಆದರೆ ಬರಿಗೈಲಿ ವಾಪಸು ಹೋಗಲು ಮುಖ ಬೇಕಲ್ಲ! ಹೊರಡುವಾಗ ಹೆಂಡತಿ ಹಾಕಿದ್ದ ಷರತ್ತೊಂದೇ ಉಳಿದ ದಾರಿ.

"ಸಮುದ್ರ ದೋಣಿ ಒಳಗೆ ಬಂದ ದಿನ ನಾನು ಇಳಿದು ಮನೆಗೆ ಹೋಗೋಳೇ. ಅಲ್ಲೀವರೆಗೂ ಚಕಾರ ಎತ್ತಲ್ಲ" ಅಂದಿದ್ದಳು ಆಕೆ. ಹೆಂಡತಿಗಾಗಿ ಹಿಂದಿರುಗಿದ ಗಂಡನನ್ನು ನೋಡಿ ಯಾವ ಆಫೀಸೂ ನಗುವುದಿಲ್ಲ.

ತಳದಲ್ಲಿ ನೀರು ಕಂಡರೆ ದೋಣಿಯವರು ಮೊದಲು ಮಾಡುವ ಕೆಲಸ ಬೆರಳದ್ದಿ ನೆಕ್ಕುವುದು. ಉಪ್ಪಾದರೆ ಸಮುದ್ರದ್ದು, ಗಂಡಾಂತರ. ಸಪ್ಪೆಯಾದರೆ ಕುಡಿಯುವ ನೀರಿನ ಟ್ಯಾಂಕಿನದು, ಚಿಂತೆಯಿಲ್ಲ. ಹೆಡ್‌ಕ್ಲಾರ್ಕರು ಆಸೆಯಿಂದ ನೆಕ್ಕಿದರು.

ಸಪ್ಪೆ! ಟ್ಯಾಂಕಿನ ಪೈಪಿನ ಕ್ಲಿಪ್ಪು ಸಡಿಲವಾಗಿ ನೀರು ತೊಟ್ಟಿಕ್ಕುತ್ತಿತ್ತು. ಅವರಿಗೆ ಅಳು ಬರುವುದೊಂದು ಬಾಕಿ. ಹೆಂಡತಿಯತ್ತ ನೋಡಿದರು. ಆಕೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸದ್ದಿಲ್ಲದೆ ಕ್ಲಿಪ್ಪು ಬಿಗಿಮಾಡಿ, ಡಬ್ಬಿಯಿಂದ ಎರಡು ಹಿಡಿ ಉಪ್ಪು ಸುರಿದು, ಕೈಯಾಡಿಸಿ, ಆಮೇಲೆ ಕಿರುಚಿದರು.

"ಲೇ, ಏಳೇ! ಸಮುದ್ರ ಒಳಗೆ ಬಂತು!"

ಹೆಂಡತಿ ಏಳುವ ಮೊದಲೇ ಬಂದರಿನಲ್ಲಿ ಅಕ್ಕಪಕ್ಕ ಕಟ್ಟಿದ್ದ ದೋಣಿಗಳಿಂದ ಇಬ್ಬರು ಹಾಜರಾದರು. ಎಡಗಡೆಯ ದೋಣಿಯ ವಕೀಲರು ಅರ್ಧ ಬೋಳಿಸಿದ ಗಡ್ಡದಲ್ಲೇ ಬಂದು ಬೆರಳು ನೆಕ್ಕಿದರು. "ಉಪ್ಪು! ಇದರಲ್ಲಿ ಎರಡು ಮಾತಿಲ್ಲ."

ಬಲಗಡೆಯ ಡಾಕ್ಟರಮ್ಮ ಎರಡು ಸಲ ನೆಕ್ಕಿದರು. "ಉಪ್ಪೇ. ಸ್ವಲ್ಪ ಜಾಸ್ತಿನೇ ಇದೆ. ಬಿ.ಪಿ. ಇರೋರು ನೆಕ್ಕಬೇಡಿ."

ಹೆಂಡತಿಯೂ ನೆಕ್ಕಿ ಮುಖ ಕಿವಿಚಿದಳು.

"ಏನ್ ಮಾಡೋಕಾಗತ್ತೆ? ನಿನ್ನ ಮಾತು ನಾನು ಮೀರಲ್ಲ. ಬಟ್ಟೆ ತುಂಬಿಕೋ" ಎಂದು ಹೆಡ್‌ಕ್ಲಾರ್ಕರು ದೊಡ್ಡ ನಿಟ್ಟುಸಿರು ಬಿಟ್ಟರು.

"ಅದೆಂಥಾ ಮಾತೂಂತ ಆಡ್ತೀರ್ರೀ!" ವಕೀಲರು ಗದರಿದರು. "ನಾವೆಲ್ಲ ಸತ್ತು ಹೋಗಿದೀವಾ? ಒಂದು ತೂತಿಗೆ ಹೆದರಿ ಓಡೋಗ್ತಾರಾ?"

"ನಂಗೇನ್ ಹೆದರಿಕೆ? ಇವಳಿಗೆ ಪಾಪ..."

"ಅದಕ್ಕೇ ತೂತು ಹುಡುಕಿ ಅವರ ಭಯ ಬಿಡಿಸ್ಬೇಕು. ದೋಣಿ ಮೇಲಕ್ಕೆತ್ತಿಸಿ!" ಎಂದರು ಡಾಕ್ಟರಮ್ಮ.

ಕ್ರೇನು ಬಂತು, ರಿಪೇರಿ ಅಂಗಳದ ಮೇಸ್ತ್ರಿಯೂ ಬಂದ. ದೋಣಿ ನೆಲಕ್ಕೇರಿದಾಗ ಅದರ ಹೊಟ್ಟೆಯ ತುಂಬ ಚಿಪ್ಪು, ಪಾಚಿ. ಅದನ್ನು ಕೆರೆಯದೆ ತೂತು ಕಾಣುವಂತಿರಲಿಲ್ಲ. ಯಜಮಾನರೇ ಮುಂದೆ ನಿಲ್ಲಬೇಕಲ್ಲ, ಹೆಡ್‌ಕ್ಲಾರ್ಕರು ಅಂಗಾತ ಮಲಗಿ ಕೆರೆದರು. ಇಲ್ಲದ ತೂತನ್ನು ಹುಡುಕುತ್ತ ಕೆರೆದರು. ಚಿಪ್ಪುಗಳು ಅಂಗಿಯೊಳಗೆ ಬಿದ್ದವು, ಪಾಚಿ ಕನ್ನಡಕಕ್ಕೆ ಮೆತ್ತಿಕೊಂಡಿತು, ಹೆಬ್ಬೆರಳು ಕೊಯ್ದುಕೊಂಡಿತು. ವಕೀಲರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, "ಇನ್ನೂ ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದರು.

ಸಂಜೆಯಾದಂತೆ ಹೆಡ್‌ಕ್ಲಾರ್ಕರಿಗೆ ಬೆವರು ಕಿತ್ತುಬಂತು. ತೂತು ಸಿಗದಿದ್ದರೆ ನೀರು ಎಲ್ಲಿಂದ ಬಂತೆಂದು ಕೇಳುತ್ತಾರೆ. ಕೇಳುವವರು ವಕೀಲರು ಬೇರೆ!

ಅಷ್ಟರಲ್ಲಿ ಮೇಸ್ತ್ರಿ ಸುತ್ತಿಗೆಯಿಂದ ಹಲಗೆ ಹಲಗೆಯನ್ನೂ ತಟ್ಟುತ್ತ ಬಂದ. ಟಕ್, ಟಕ್, ಟಕ್, ದೊಪ್! ಆ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದ. ಅದು ಬೆಣ್ಣೆಗೆ ಚಾಕು ಹೋದಂತೆ ಹಿಡಿಯವರೆಗೂ ಇಳಿಯಿತು.

"ಅಯ್ಯಯ್ಯೋ! ಹಲಗೆ ಪೂರ್ತಿ ಕೊಳೆತೋಗಿದೆ ಸಾರ್! ಬರೀ ಬಣ್ಣ ಹಿಡ್ಕೊಂಡಿತ್ತು. ಇನ್ನೊಂದು ವಾರ ಹೋಗಿದ್ರೆ ನಡುಸಮುದ್ರದಲ್ಲಿ ಎಲ್ಲಾ ಮುಗೀತಿತ್ತು."

ಹೆಡ್‌ಕ್ಲಾರ್ಕರು ಅಲ್ಲೇ ಕುಸಿದು ಕೂತರು. ಸುಳ್ಳು ಹೇಳಿ ಜೀವ ಉಳಿಸಿಕೊಂಡಿದ್ದರು.

"ಆದ್ರೆ ಸಾರ್," ಮೇಸ್ತ್ರಿ ತಲೆ ಕೆರೆದುಕೊಂಡ. "ತೂತು ಬಿದ್ದಿದ್ದು ಈಗ, ನನ್ನ ಕೈಯಲ್ಲಿ. ಬೆಳಿಗ್ಗೆ ಉಪ್ಪುನೀರು ಹೇಗೆ ಬಂತು?"

"ಜಿನುಗಿರುತ್ತಪ್ಪಾ!" ಎಂದರು ವಕೀಲರು. "ನಿನ್ನ ಸುತ್ತಿಗೆಗೆ ಈಗ ಗೊತ್ತಾಗಿದ್ದು ಇವರ ನಾಲಿಗೆಗೆ ಬೆಳಿಗ್ಗೆನೇ ಗೊತ್ತಾಗಿತ್ತು. ನಾಲಿಗೆ ಅಂದ್ರೆ ಇದು!"

ನಾಳಿದ್ದಿಗೆ ಹೊಸ ಹಲಗೆ ಕೂರಿಸಿಕೊಡುವುದಾಗಿ ಹೇಳಿ ಮೇಸ್ತ್ರಿ ಹೋದ. ಎಲ್ಲರೂ ಚದುರಿದ ಮೇಲೆ ಹೆಂಡತಿ ಬಂದು, ಗಂಡನ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ರೀ, ನಿಜ ಹೇಳ್ತೀನಿ, ಬಯ್ಯಬೇಡಿ. ನಂಗೆ ಈ ದೋಣಿ ಸಹವಾಸ ಸಾಕಾಗಿಹೋಗಿತ್ತು. ನಿಮಗೆ ಬೇಜಾರಾಗತ್ತೆ ಅಂತ ಬಾಯಿ ಬಿಟ್ಟಿರಲಿಲ್ಲ. ಷರತ್ತು ಹಾಳಾಗಲಿ, ಮನೆಗೆ ಹೋಗೋಣ ಅಂತ ಇವತ್ತು ಕಾಫಿ ಕುಡೀತಾ ಹೇಳೋಣ ಅಂತಿದ್ದೆ."

ಹೆಡ್‌ಕ್ಲಾರ್ಕರು ಛಂಗನೆ ಎದ್ದರು. "ಹಾಗಾದ್ರೆ ಹೋ—"

"ಕೇಳಿ ಇಲ್ಲಿ! ಈಗ ನಂಗೆ ಒಂದಿಷ್ಟೂ ಭಯ ಇಲ್ಲ. ಒಂದು ತೊಟ್ಟು ನೀರಲ್ಲಿ ಗಂಡಾಂತರ ಕಂಡುಹಿಡಿಯೋ ಗಂಡ ಪಕ್ಕದಲ್ಲಿರುವಾಗ ಯಾವ ಸಮುದ್ರ ಆದ್ರೇನು? ಷರತ್ತು ವಾಪಸ್ ತಗೊಂಡೆ. ಕರಾವಳಿ ಮುಗಿಸಿ, ಆಚೆಗಿರೋ ದ್ವೀಪಗಳನ್ನೂ ನೋಡ್ಕೊಂಡು ಬರೋಣ. ವಕೀಲರು, ಡಾಕ್ಟರಮ್ಮ ಇಬ್ಬರೂ ನಿಮ್ಮ ಹಿಂದೇನೇ ಬರ್ತಾರಂತೆ."

ಹೆಡ್‌ಕ್ಲಾರ್ಕರ ಬಾಯಿ ತೆರೆದೇ ಇತ್ತು. ಎರಡು ಹಿಡಿ ಉಪ್ಪಿನ ವಿಷಯ ಗಂಟಲವರೆಗೂ ಬಂತು. ಹೆಂಡತಿಯ ಮುಖ ನೋಡಿದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಆಕೆ ಅವರನ್ನು ಹೀಗೆ ನೋಡಿದ್ದು ಇದೇ ಮೊದಲು.

"ಏನೋ ಹೇಳೋಕೆ ಹೊರಟಿದ್ರಲ್ಲ?" ಎಂದಳು ಆಕೆ.

"ಏನಿಲ್ಲ" ಎಂದರು ಹೆಡ್‌ಕ್ಲಾರ್ಕರು. "ನಾಳಿದ್ದು ಎಷ್ಟು ಹೊತ್ತಿಗೆ ಹೊರಡೋದು ಅಂತ ಕೇಳೋಣ ಅಂತಿದ್ದೆ."